ಮರದ ಹೊಟ್ಟೆಯೊಳಗಿನ ಗೋಡೆಗಳೂ ನಮ್ಮ ಅತ್ತಿಗೆಯೂ

ನಮ್ಮ ಅತ್ತಿಗೆ ಮನೆಗೆ ಬಂದ ನೆಂಟರ ಯೋಗಕ್ಷೇಮ ವಿಚಾರಿಸುವುದಿಲ್ಲ ಎಂದು ಯಾರಾದರೂ ಹೇಳಿದರೆ ಅದು ಶುದ್ಧ ಸುಳ್ಳು. ವಿಚಾರಿಸುತ್ತಾರೆ. ಮೊದಲು ನೆಂಟರ ತೋಟದ ಮರಗಳದ್ದು, ಆಮೇಲೆ ಆ ಮರಗಳಿಗೆ ಹಿಡಿದ ಬೂಷ್ಟಿನದ್ದು, ಕೊಟ್ಟ ಕಾಫಿ ಆರಿ ಕೆನೆ ಕಟ್ಟಿದ ಮೇಲೆ ನೆಂಟರದ್ದು! ಒಮ್ಮೆ ಅಣ್ಣನ ಷಡ್ಡಕರು ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಅಷ್ಟರಲ್ಲೇ "ನಿಮ್ಮ ಮಾವಿನ ಬುಡದಲ್ಲಿ ಅಣಬೆ ಎದ್ದಿತ್ತಲ್ಲ, ಹೇಗಿದೆ?" ಎಂದು ಪ್ರಶ್ನೆ ಬಂತು. ಪಾಪ, ಅವರು ಮೆಟ್ಟಿಲ ಮೇಲೇ ಕೂತು, "ಅಣಬೆ ಚೆನ್ನಾಗಿದೆ ಅಕ್ಕಾ, ನನಗೇ ಸ್ವಲ್ಪ ಉಬ್ಬಸ" ಎಂದರು.

ಅತ್ತಿಗೆ ಎಂದರೆ ನನ್ನ ಅಣ್ಣನ ಹೆಂಡತಿ. ಮೈಸೂರು ಕಡೆಯ ಹೆಣ್ಣು. ಮಾನಂತವಾಡಿಯ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು. ನಾವಿರುವುದು ಮಲಯಾಳ ಸೀಮೆಯ ಬೇಗೂರು ಕಾಡಿನ ಅಂಚಿಗೆ, ಕುಟ್ಟದ ಬಸ್ಸು ಏದುಸಿರು ಬಿಡುತ್ತಾ ಹೋಗುವ ರಸ್ತೆಯ ಪಕ್ಕ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ. ಆನೆ ಎದುರಾದರೆ ಎರಡೂ ಬಾಯಿಗೆ ಬರುವುದಿಲ್ಲ. ಅಣ್ಣನದು ಕಾಫಿ, ಮೆಣಸು. ಅವನು ಮಾತಾಡುವುದು ಕಡಿಮೆ. ಮನೆಗೆ ಬೇಕಾದಷ್ಟು ಮಾತನ್ನು ಅತ್ತಿಗೆ ಒಬ್ಬರೇ ಪೂರೈಸುತ್ತಿರುವಾಗ ಅವನಾದರೂ ಯಾಕೆ ದಣಿಯಬೇಕು?

ಇನ್ನು ನಾನು. ಏಳನೇ ಕ್ಲಾಸಿಗೇ ಶಾಲೆಗೆ ಕೈಮುಗಿದು ಬಂದವನು. ಅದರಲ್ಲಿ ನಾಚಿಕೆ ಏನಿಲ್ಲ. ಮರಗಸಿ ನನ್ನ ಕೆಲಸ. ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ: ಕಾಫಿ ಗಿಡ ಅಳಿಯನಿದ್ದ ಹಾಗೆ, ಬಿಸಿಲು ಜಾಸ್ತಿಯಾದರೂ ಮುನಿಸು, ನೆರಳು ಜಾಸ್ತಿಯಾದರೂ ಮುನಿಸು. ಅದಕ್ಕೇ ವರ್ಷ ವರ್ಷ ನೆರಳಿನ ಮರ ಹತ್ತಿ, ಯಾವ ಕೊಂಬೆ ಇರಬೇಕು ಯಾವುದು ಇಳಿಯಬೇಕು ಎಂದು ನೋಡಿ ಕಡಿಯಬೇಕು. ಒಂಟಿ ಬಿದಿರಿನ ಏಣಿ, ಸೊಂಟಕ್ಕೆ ಹಗ್ಗ, ಒಂದು ಕತ್ತಿ, ಒಂದು ಗರಗಸ, ಇಷ್ಟೇ ನನ್ನ ಆಸ್ತಿ. ತೋಲ್ಪೆಟ್ಟಿಯಿಂದ ತಿರುನೆಲ್ಲಿವರೆಗೆ ನನ್ನಷ್ಟು ಚೊಕ್ಕವಾಗಿ ಕೊಂಬೆ ಇಳಿಸುವವನು ಇನ್ನೊಬ್ಬನಿಲ್ಲ. ಈ ಮಾತನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಬೇರೆಯವರು ಹೇಳುವುದು ತಡವಾಗುತ್ತಿದೆಯಲ್ಲ, ಏನು ಮಾಡಲಿ!

ಅತ್ತಿಗೆಗೆ ನನ್ನ ಮೇಲೆ ಅಭಿಮಾನ. ಅದರಿಂದಲೇ ನಾನು ಒಮ್ಮೆ ಮದುವೆಮನೆಯಲ್ಲಿ ಪ್ರಾಣಸಂಕಟಕ್ಕೆ ಸಿಕ್ಕಿಬಿದ್ದದ್ದು. ಪನಮರಂನಲ್ಲಿ ನಮ್ಮ ಸಂಬಂಧಿಕರ ಮದುವೆ. ಇಸ್ತ್ರಿ ಮಾಡಿದ ಬಿಳಿ ಪಂಚೆಯಲ್ಲಿ ನಾನೂ ಸ್ವಲ್ಪ ಗಂಭೀರವಾಗಿಯೇ ಕಾಣುತ್ತಿದ್ದೆ. ಗಂಡಿನ ಕಡೆಯವರ ಮುಂದೆ ಅತ್ತಿಗೆ, "ಇವನು ನನ್ನ ಮೈದುನ. ಸರ್ಜನ್" ಎಂದುಬಿಟ್ಟರು. ಮರಕ್ಕೆ ಎನ್ನುವ ಪದವನ್ನು ಸೇರಿಸುವಷ್ಟರಲ್ಲಿ ಯಾರದೋ ಬಾಳೆತೋಟದ ಎಲೆಚುಕ್ಕೆಯ ಕಡೆ ಅವರ ಗಮನ ಹರಿದುಹೋಯಿತು. ಅರ್ಧ ಗಂಟೆಯಲ್ಲಿ ಹಿರಿಯರೊಬ್ಬರು ನನ್ನ ಪಕ್ಕ ಕೂತು, ಪಂಚೆ ಸರಿಸಿ, "ಈ ಮಂಡಿ ನೋಡಿ ಡಾಕ್ಟ್ರೇ, ರಾತ್ರಿ ಎಲ್ಲ ಸೆಳೆತ" ಎಂದರು. ನಾನು ಪ್ರಾಮಾಣಿಕ ಮನುಷ್ಯ. "ಯಜಮಾನರೇ, ನನಗೆ ಬರುವುದು ಕಡಿಯುವುದೊಂದೇ" ಎಂದೆ. ಅವರ ಮುಖ ಬಿಳುಚಿತು. "ಅಷ್ಟು ಮುಂದುವರಿದಿದೆಯಾ?" ಎಂದು ಕೇಳಿ, ಮಂಡಿಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡು ಎದ್ದುಹೋದರು. ಪಾಯಸದ ಹೊತ್ತಿಗೂ ಅವರು ನನ್ನ ಪಂಕ್ತಿಗೆ ಬರಲಿಲ್ಲ.

ಅತ್ತಿಗೆಯ ಕೋಣೆಯಲ್ಲಿ ದೇವರ ಪಟ ಒಂದು ಮೂಲೆಯಲ್ಲಿದ್ದರೆ, ಕಿಟಕಿಯ ಬೆಳಕು ಬೀಳುವ ಒಳ್ಳೆಯ ಜಾಗದಲ್ಲಿ ಇರುವುದು ಮೈಕ್ರೋಸ್ಕೋಪು. ಕಾಲೇಜಿನವರು ಹಳತಾಯಿತೆಂದು ಬಿಟ್ಟದ್ದನ್ನು ಕೇಳಿ ತಂದದ್ದು. ಒಂದು ದಿನ ನಾನು ಕಡಿದ ಹಲಸಿನ ಕೊಂಬೆಯಿಂದ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಒಂದು ಚೂರು ಹೆರೆದು, ಗಾಜಿನ ಮೇಲಿಟ್ಟು, "ಬಾ, ನೋಡು" ಎಂದರು.

ಒಂದು ಕಣ್ಣು ಮುಚ್ಚಿ ನೋಡಿದೆ. ಕಪ್ಪಗೆ ಉದ್ದುದ್ದ ಗೆರೆಗಳು.

"ಕಾಣಿಸ್ತಾ?"

"ಕಾಣಿಸ್ತು ಅತ್ತಿಗೆ. ಬಿದಿರಿನ ಮೆಳೆ ಇದ್ದ ಹಾಗಿದೆ."

"ಅದು ನಿನ್ನ ರೆಪ್ಪೆ ಕಣೋ! ಸ್ವಲ್ಪ ಹಿಂದೆ ಸರಿ."

ಹಿಂದೆ ಸರಿದೆ. ಆಮೇಲೆ ಕಂಡದ್ದನ್ನು ಹೇಗೆ ಹೇಳಲಿ? ಹೆಜ್ಜೇನಿನ ಗೂಡಿನಂತೆ ಕೋಣೆಗಳು, ಕೋಣೆಗಳು, ಗೋಡೆಗೆ ಗೋಡೆ ಆನಿಸಿಕೊಂಡ ಕೋಣೆಗಳು. ನಡುನಡುವೆ ದೊಡ್ಡ ದೊಡ್ಡ ಕೊಳವೆ ಬಾಯಿ. ಬುಡದಿಂದ ತುದಿಗೆ ನೀರು ಹೋಗುವ ದಾರಿ ಅದಂತೆ. ಬಾಲ್ಯದಿಂದ ಮರದ ಮೈಮೇಲೇ ಬೆಳೆದವನು ನಾನು. ತೊಗಟೆ ಮುಟ್ಟಿ ಇದು ಯಾವ ಮರ ಎಂದು ಕಣ್ಣು ಕಟ್ಟಿಕೊಂಡು ಹೇಳಬಲ್ಲೆ. ಆದರೆ ಅದರ ಮನೆಯೊಳಕ್ಕೆ ಆವತ್ತೇ ಮೊದಲು ಹೊಕ್ಕದ್ದು.

"ಈ ಕೊಳವೆ ನೋಡು, ಒಳಗೆ ಬಲೂನು ಊದಿದ ಹಾಗಿಲ್ವಾ?" ಎಂದರು ಅತ್ತಿಗೆ.

ಹೌದು! ಕೆಲವು ಕೊಳವೆಗಳ ಒಳಗೆ ಸೋಪಿನ ಗುಳ್ಳೆಯಂತೆ ಏನೋ ಉಬ್ಬಿಕೊಂಡು ದಾರಿ ಮುಚ್ಚಿತ್ತು.

"ಬೂಷ್ಟು ಒಳಗೆ ನುಗ್ಗಿದರೆ ಈ ಕೊಳವೇನೇ ಅದಕ್ಕೆ ಹೆದ್ದಾರಿ. ಅದಕ್ಕೆ ಪಕ್ಕದ ಕೋಶ ಏನು ಮಾಡುತ್ತೆ ಗೊತ್ತಾ? ತನ್ನ ಗೋಡೆಯ ಸಣ್ಣ ಕಿಂಡೀಲಿ ಮೈ ತೂರಿಸಿ, ಕೊಳವೆ ಒಳಗೆ ಉಬ್ಬಿ ಕೂತು ದಾರಿ ಕಟ್ಟಿಬಿಡುತ್ತೆ. ನೀರೂ ಹೋಗಲ್ಲ. ಹೋಗದಿದ್ದರೆ ಬೇಡ, ಕಳ್ಳನೂ ಹೋಗಬಾರದು!"

"ನಾವು ಆನೆಗೆ ಕಂದಕ ತೋಡಿದ ಹಾಗೆ."

"ಅದೇ! ಮೊದಲು ದಾರಿ ಕಟ್ಟುತ್ತೆ. ಆಮೇಲೆ ಸುತ್ತಲಿನ ಕೋಶಗಳು ಒಗರು, ಅಂಟು, ವಿಷ ಎಲ್ಲ ತುಂಬಿಕೊಂಡು ಗೋಡೆ ಆಗ್ತಾವೆ. ಆನೆ ಓಡಿಸೋಕೆ ನೀವು ಹೊಡೆಯೋ ಪಟಾಕಿ ಇದ್ದ ಹಾಗೆ. ಅದೂ ಸಾಲದಿದ್ದರೆ ತೊಗಟೆ ಕೆಳಗಿನ ಪದರ ಹೊರಗಡೆಗೆ ಹೊಸ ಗೋಡೆ ಕಟ್ಟುತ್ತೆ. ಹಳೇದನ್ನು ಬಿಟ್ಟುಕೊಟ್ಟು ಹೊಸ ಮರ ಆಚೆ ಬೆಳೆಯುತ್ತೆ."

ಅಷ್ಟು ಹೊತ್ತಿಗೆ ನನಗೂ ಒಂದು ವಿಷಯ ಹೊಳೆಯಿತು. ಹುಳುಕು ಹಿಡಿದ ಕೊಂಬೆ ಕೊಯ್ಯುವಾಗ ಕೊಳೆತ ಜಾಗ ಬೆಣ್ಣೆಯ ಹಾಗೆ ಹೋಗುತ್ತದೆ. ಅದರ ಅಂಚಿಗೆ ಒಂದು ಕಪ್ಪು ಗೆರೆ ಸಿಗುತ್ತದೆ. ಅಲ್ಲಿ ಗರಗಸದ ಹಲ್ಲು ಕಿರ್ರೆನ್ನುತ್ತದೆ. ನಾವು ಮರಗಸಿಯವರು ಅದಕ್ಕೆ 'ಕಬ್ಬಿಣಗೆರೆ' ಎನ್ನುತ್ತೇವೆ, ಎಷ್ಟೋ ಗರಗಸ ಅದರಿಂದ ಮೊಂಡಾಗಿವೆ. ಹೇಳಿದೆ. ಅತ್ತಿಗೆ ಕುರ್ಚಿಯಿಂದ ಎದ್ದೇಬಿಟ್ಟರು.

"ಅದೇ ಗೋಡೆ ಕಣೋ! ನಾನು ಕನ್ನಡಕ ಹಾಕ್ಕೊಂಡು ನೋಡಿದ್ದನ್ನ ನೀನು ಗರಗಸದಲ್ಲಿ ಕೇಳಿದ್ದೀಯ!"

ಎರಡು ದಿನ ನಾನು ಸ್ವಲ್ಪ ಎದೆ ಸೆಟೆಸಿಕೊಂಡೇ ಓಡಾಡಿದೆ. ಸುಳ್ಳು ಯಾಕೆ ಹೇಳಲಿ?

ಅತ್ತಿಗೆಯ ಜತೆ ಬಸ್ಸಿನಲ್ಲಿ ಹೋಗುವುದು ಮಾತ್ರ ಬೇರೆಯೇ ಒಂದು ಅಧ್ಯಾಯ. ಅವರದು ಕಾಲೇಜಿನ ಕೊನೆಯ ಬೆಂಚಿಗೆ ಮುಟ್ಟಿಸಿ ಅಭ್ಯಾಸವಾದ ಗಂಟಲು. ಮಾನಂತವಾಡಿಯಿಂದ ಬರುತ್ತಿದ್ದೆವು. ಅವರ ಕೈಯಲ್ಲಿ ತುಕ್ಕುರೋಗ ಹಿಡಿದ ಕಾಫಿ ಎಲೆ. ಪಕ್ಕದಲ್ಲಿ ಅವರ ಹಳೆಯ ಶಿಷ್ಯೆಯೊಬ್ಬಳು ಸಿಕ್ಕಿದ್ದಳು. ಬಿಡುತ್ತಾರೆಯೇ? ಮಲಯಾಳದಲ್ಲಿ ಶುರುವಾಯಿತು ಪಾಠ. ಬೂಷ್ಟು ಬಂದು ಮುಟ್ಟಿದ ಕೂಡಲೇ ಅದರ ಮೈಯ ಚೂರಿನಿಂದಲೇ, ಇವನು ನಮ್ಮವನಲ್ಲ ಎಂದು ಕೋಶ ಗುರುತು ಹಿಡಿಯುತ್ತದೆ. ಮುಟ್ಟಿದ ಜಾಗದಲ್ಲಿ ಗೋಡೆ ದಪ್ಪ ಮಾಡುತ್ತದೆ. ಆಗಲಿಲ್ಲ ಅಂದರೆ...

"ಆಗಲಿಲ್ಲ ಅಂದರೆ ಆತ್ಮಹತ್ಯೆ!" ಎಂದರು ಅತ್ತಿಗೆ, ಡ್ರೈವರನಿಗೂ ಕೇಳಿಸುವಂತೆ. "ಅಕ್ಕಪಕ್ಕದವರನ್ನು ಉಳಿಸೋಕೆ ತಾನು ಸತ್ತ! ಎಷ್ಟು ದೊಡ್ಡ ಮನಸ್ಸು!"

ಮುಂದಿನ ಸೀಟಿನ ಮುದುಕಿ ಎದೆ ಮೇಲೆ ಕೈಯಿಟ್ಟುಕೊಂಡಳು. ಕಂಡಕ್ಟರು ಟಿಕೆಟ್ ಕೊಡುವುದನ್ನು ನಿಲ್ಲಿಸಿ ಹತ್ತಿರ ಬಂದು, ದನಿ ತಗ್ಗಿಸಿ, "ಆರಾ ಟೀಚರೇ ಮರಿಚ್ಚದು? ಸತ್ತದ್ದು ನಮ್ಮ ರೂಟಿನವನಾ?" ಎಂದು ಕೇಳಿದ.

"ಮರಿಚ್ಚದು ಇವನು" ಎಂದು ಅತ್ತಿಗೆ ಎಲೆಯ ಮೇಲಿನ ಎಳ್ಳುಕಾಳಿನಷ್ಟು ಕಂದು ಚುಕ್ಕೆ ತೋರಿಸಿದರು. "ಇದು ತುಕ್ಕು ಹರಡಿದ ಗುರುತಲ್ಲ, ತಡೆದ ಗುರುತು. ಇಲ್ಲಿನ ಕೋಶಗಳು ತಾವಾಗಿ ಸತ್ತು ಬೂಷ್ಟಿಗೆ ಅನ್ನ ಸಿಗದ ಹಾಗೆ ಮಾಡಿದ್ದಾವೆ."

ಕಂಡಕ್ಟರು ಚುಕ್ಕೆ ನೋಡಿದ, ಅತ್ತಿಗೆಯನ್ನು ನೋಡಿದ, ಕೊನೆಗೆ ನನ್ನನ್ನು ನೋಡಿದ. "ಇವರು ಮೊದಲಿಂದಲೂ ಹೀಗೇನಾ?" ಎಂದು ಕಣ್ಣಲ್ಲೇ ಕೇಳಿದ. ನಾನೂ ಕಣ್ಣಲ್ಲೇ ಹೌದೆಂದೆ. ಆದರೆ ಸತ್ಯಕ್ಕೆ ಹೇಳುತ್ತೇನೆ, ಇಳಿಯುವಾಗ ಆ ಮುದುಕಿ ಅತ್ತಿಗೆಯಿಂದ ಎಲೆಯನ್ನು ಕೇಳಿ ಇಸಿದುಕೊಂಡು ಸೆರಗಿನಲ್ಲಿ ಕಟ್ಟಿಕೊಂಡು ಹೋದಳು.

ಇದಕ್ಕಿಂತ ಫಜೀತಿ ಆದದ್ದು ಭಾಷೆಯಿಂದ. ಮರದ ನಡುವಿನ ಗಟ್ಟಿ ಭಾಗಕ್ಕೆ ಕನ್ನಡದಲ್ಲಿ ಚೇಗು. ಮಲಯಾಳದಲ್ಲಿ ಕಾತಲ್. ತಮಿಳರ ಬಾಯಲ್ಲಿ ಕಾದಲ್ ಅಂದರೆ ಪ್ರೇಮ ಎಂದು ಸಿನಿಮಾ ನೋಡಿದ ಯಾರಿಗೆ ಬೇಕಾದರೂ ಗೊತ್ತು. ನಮ್ಮ ತೋಟಕ್ಕೆ ಕಾಫಿ ಕುಯ್ಯಲು ಬಂದ ಹೆಂಗಸರಲ್ಲಿ ಒಬ್ಬಾಕೆ ತಮಿಳಿನವಳು, ಬಹಳ ಮೆತ್ತನೆ ಹೃದಯದವಳು. ಆವತ್ತು ಅತ್ತಿಗೆ ಕಣದ ಪಕ್ಕ ಒಂದು ಟೊಳ್ಳು ಮರಕ್ಕೆ ಒರಗಿ ನಿಂತು, ಕೆಲಸದವರಿಗೆ ಮಲಯಾಳದಲ್ಲಿ ವಿವರಿಸುತ್ತಿದ್ದರು: "ಕಾತಲ್ ಅಂದರೆ ಸತ್ತ ಕೋಶಗಳೇ. ಅದು ಯಾವತ್ತೋ ಸತ್ತಿರುತ್ತೆ. ಕಾತಲ್ ಪೂರ್ತಿ ಕೊಳೆತುಹೋದರೂ ಬದುಕಬಹುದು. ಹೊರಗಿನಿಂದ ನೋಡಿದವರಿಗೆ ಗೊತ್ತೇ ಆಗಲ್ಲ!"

ಸಂಜೆ ಆ ಹೆಂಗಸು ಬೆಲ್ಲದ ಕಾಫಿ ಮಾಡಿಸಿಕೊಂಡು ಬಂದು ಅತ್ತಿಗೆಯ ಕೈಹಿಡಿದು ಕೂತಳು. ಕಣ್ಣಲ್ಲಿ ನೀರು.

"ಟೀಚರಮ್ಮಾ, ಇಷ್ಟು ವರ್ಷ ಒಳಗೇ ಇಟ್ಕೊಂಡಿದ್ರಾ? ಅಯ್ಯಾಗೆ ಗೊತ್ತಾ?"

"ಅವರಿಗೆ ಗೊತ್ತಿಲ್ದೆ ಏನು? ಅವರೇ ತೋರಿಸಿದ್ದು" ಎಂದರು ಅತ್ತಿಗೆ.

ಆಮೇಲೆ ಒಂದು ವಾರ ಕಾಫಿ ಕುಯ್ಯುವ ಹೆಂಗಸರು ಯಾರೂ ನಮ್ಮ ಅಣ್ಣನ ಮುಖ ನೋಡಿ ಮಾತಾಡಲಿಲ್ಲ. ಪಾಪ, ತಾನೇನು ತಪ್ಪು ಮಾಡಿದೆನೆಂದು ಅವನಿಗೆ ಇವತ್ತಿಗೂ ಗೊತ್ತಿಲ್ಲ!

ಹೀಗೆ ನಗುನಗುತ್ತಾ ಇದ್ದ ಮನೆಯಲ್ಲಿ ಮಾತು ನಿಂತದ್ದು ಹೋದ ಬೇಸಿಗೆಯಲ್ಲಿ. ಅಡುಗೆಮನೆಯ ಹಿಂದೆ ಒಂದು ಹಲಸಿನ ಮರವಿದೆ. ನಮ್ಮ ಅಜ್ಜನಿಗಿಂತ ಹಳೆಯದು. ಅದರ ಕೊಂಬೆಗಳು ಅಡುಗೆಮನೆಯ ಹಂಚಿನ ಮೇಲೇ ಚಾಚಿವೆ. ಬುಡದಿಂದ ಎದೆಮಟ್ಟದಲ್ಲಿ, ಹಳೆಯ ಗಾಯದ ಪಕ್ಕ, ತಟ್ಟೆಯಂಥ ಗಟ್ಟಿ ಅಣಬೆಯೊಂದು ಎದ್ದಿತ್ತು. ಅಣ್ಣ ನೋಡಿದ. ಅವನು ಬಾಯಿ ಬಿಟ್ಟರೆ ಅದು ತೀರ್ಪೇ.

"ಮಳೆಗೆ ಮೊದಲು ಕಡಿಸೋದು."

"ಅಣಬೆ ಬಂತು ಅಂದರೆ ಮರ ಸತ್ತಿತು ಅಂತ ಅಲ್ಲ" ಎಂದರು ಅತ್ತಿಗೆ. "ಒಳಗೆ ಗೋಡೆ ಕಟ್ಟಿಕೊಂಡು ಹೋರಾಡ್ತಾ ಇದೆ."

"ಅದು ಹೋರಾಡ್ತಾ ಇರಲಿ. ಸೋತರೆ ಬೀಳೋದು ಎಲ್ಲಿಗೆ? ಬೆಳಿಗ್ಗೆಯಿಂದ ಆ ಒಲೆ ಮುಂದೆ ಇರೋಳು ಯಾರು?"

ಅತ್ತಿಗೆ ಉತ್ತರ ಕೊಡಲಿಲ್ಲ. ಅತ್ತಿಗೆ! ಉತ್ತರ ಕೊಡಲಿಲ್ಲ! ನನಗೆ ಆಗಲೇ ಭಯವಾದದ್ದು. ಅವತ್ತಿನಿಂದ ಊಟದ ಹೊತ್ತಿಗೆ ಪಾತ್ರೆಗಳದ್ದೇ ಸದ್ದು. ಕೊನೆಗೆ ಅಣ್ಣ ಒಂದು ಸಲಹೆ ಕೊಟ್ಟ. ಬೈರಿಗೆಯಿಂದ ಕಾಂಡಕ್ಕೆ ತೂತು ಕೊರೆದು, ಒಳಗೆ ಎಷ್ಟು ಕೊಳೆತಿದೆ ನೋಡೋಣ ಎಂದ.

"ಒಳಗೆ ಕಳ್ಳ ಇದ್ದಾನಾ ಅಂತ ನೋಡೋಕೆ ಗೋಡೆ ಒಡೀತೀರಾ?" ಎಂದರು ಅತ್ತಿಗೆ. "ಇಷ್ಟು ವರ್ಷ ಕಷ್ಟಪಟ್ಟು ಕೂಡಿಹಾಕಿರೋ ಬೂಷ್ಟಿಗೆ ಆ ತೂತೇ ಬಾಗಿಲು. ಗಟ್ಟಿ ಭಾಗಕ್ಕೂ ಹರಡುತ್ತೆ." ಆಮೇಲೆ ನನ್ನ ಕಡೆ ತಿರುಗಿದರು. "ಇವನೇ ಹೇಳಲಿ. ಇವನು ಕಡಿ ಅಂದರೆ ಕಡಿಸಿ. ನಾನು ಮಾತಾಡಲ್ಲ. ಆದರೆ ನೀನು ನನ್ನ ಮುಖ ನೋಡಿ ಹೇಳಬಾರದು ಕಣೋ, ಮರ ನೋಡಿ ಹೇಳಬೇಕು."

ಎಷ್ಟೋ ತೋಟದಲ್ಲಿ ಎಷ್ಟೋ ಮರ ನೋಡಿ ಮಾತು ಕೊಟ್ಟಿದ್ದೇನೆ. ಹಿಂದೆಮುಂದೆ ನೋಡಿದ್ದು ಇದೊಂದೇ ಸಲ. ಇರಲಿ ಎಂದು ಹೇಳಿ, ಆಷಾಢದ ಗಾಳಿಗೆ ಮರ ಮುರಿದು ಬಿದ್ದರೆ? ಬೇಡ ಎಂದು ಹೇಳಿ, ಕಡಿದು ಉರುಳಿಸಿದ ಮೇಲೆ ಒಳಗೆ ಗಟ್ಟಿ ಮರ ಕಂಡರೆ? ಕಡಿದದ್ದನ್ನು ಮತ್ತೆ ನಿಲ್ಲಿಸುವ ಗರಗಸ ಯಾರ ಹತ್ತಿರ ಇದೆ?

ಮರದ ಸುತ್ತಿಗೆ ತೆಗೆದುಕೊಂಡು ಬುಡದಿಂದ ಶುರುಮಾಡಿದೆ. ಒಂದೊಂದು ಗೇಣಿಗೂ ಬಡಿ, ಕಿವಿಯಿಟ್ಟು ಕೇಳು. ಗಟ್ಟಿ ಇದ್ದ ಕಡೆ ಸುತ್ತಿಗೆ ಠಣ್ ಎಂದು ಹಿಂದಕ್ಕೆ ಬರುತ್ತದೆ. ಟೊಳ್ಳಿನ ಕಡೆ ಮದ್ದಳೆ. ಅಣಬೆಯ ಸುತ್ತ ಮದ್ದಳೆಯೇ ಮದ್ದಳೆ. ಅಲ್ಲಿಂದ ಒಂದು ಮೊಳ ಆಚೆಗೆ ಹೋದರೆ ಠಣ್. ಇನ್ನೊಂದು ಪಕ್ಕಕ್ಕೆ ಬಂದರೂ ಠಣ್. ಬೇರುಗಳನ್ನು ಕೆದಕಿ ನೋಡಿದೆ, ಬೆಳ್ಳಗೆ ಹಾಲು ಸುರಿಸಿದವು. ಆಮೇಲೆ ಏಣಿ ಆನಿಸಿ ಮೇಲಕ್ಕೆ ಹತ್ತಿ, ಪ್ರತಿ ಕವಲಿನಲ್ಲೂ ಬಡಿದು ಕೇಳಿದೆ. ಕೆಳಗೆ ಅಣ್ಣ ಒಂದು ಕಡೆ, ಅತ್ತಿಗೆ ಒಂದು ಕಡೆ, ಕತ್ತೆತ್ತಿಕೊಂಡು ನಿಂತಿದ್ದರು.

ಮೇಲಿಂದಲೇ ಕೂಗಿ ಹೇಳಿದೆ: "ಹೊಟ್ಟೆ ಟೊಳ್ಳಾಗಿದೆ. ಅದು ಸುಳ್ಳಲ್ಲ. ಆದರೆ ಸುತ್ತ ಗೋಡೆ ದಪ್ಪ ಇದೆ, ಬೇರು ಜೀವಂತ ಇದೆ. ಅಡುಗೆಮನೆ ಕಡೆಯ ಕೊಂಬೆಗಳ ಭಾರ ಇಳಿಸ್ತೀನಿ. ಗಾಳಿ ಎದ್ದ ದಿನ ಅತ್ತಿಗೆ ಅಡುಗೆಮನೆಯಲ್ಲಿ ಅಡುಗೆ ಮಾಡಬಾರದು, ಒಲೆ ಮನೆಮುಂದಿನ ಜಗಲಿಗೆ ಬರಬೇಕು. ಈ ಮಳೆಗಾಲ ಮರ ತಡೆದುಕೊಳ್ಳುತ್ತೆ. ಮುಂದಿನ ವರ್ಷದ್ದು ಮುಂದಿನ ವರ್ಷ ಬಡಿದು ನೋಡಿ ಹೇಳ್ತೀನಿ."

ಅಣ್ಣ ಜಗಲಿಯ ಕಡೆ ತಿರುಗಿದ. "ಹಾಗಾದ್ರೆ ಜಗಲಿಗೆ ಒಂದು ತಗಡು ಹಾಕಿಸ್ಬೇಕು, ಇಲ್ದಿದ್ರೆ ಇವಳು ನೆನೀತಾಳೆ" ಎಂದು ಹೇಳಿ ಅಳತೆ ತೆಗೆಯಲು ಒಳಗೆ ಹೋದ. ಅವನಿಂದ ಅದೇ ಒಪ್ಪಿಗೆ.

ಕೊಯ್ಯಲು ಶುರುಮಾಡಿದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಬ್ಬಿದ ಕೊರಳಿರುತ್ತದೆ. ಅದನ್ನು ಮುಟ್ಟದೆ ಕೊಯ್ಯಬೇಕು, ಗೋಡೆ ಕಟ್ಟುವ ಕೋಶಗಳ ಮನೆ ಅದೇ ಎಂದು ಅತ್ತಿಗೆ ಹೇಳುತ್ತಾರೆ. ಹಗ್ಗ ಕಟ್ಟಿ, ಹಂಚಿಗೆ ತಾಗದಂತೆ, ಒಂದೊಂದೇ ಕೊಂಬೆ ಇಳಿಸಿದೆ. ಕೊನೆಯದಾಗಿ ಸೊಂಟದಲ್ಲಿ ನೇತುಹಾಕಿಕೊಂಡಿದ್ದ ತಂಬಿಗೆಗೆ ಕೈಹಾಕಿದೆ. ಅದರಲ್ಲಿ ಸಗಣಿ, ಕೆಮ್ಮಣ್ಣು ಕಲಸಿ ತಂದಿದ್ದೆ. ಕಡಿದ ಬಾಯಿಗೆ ಅದನ್ನು ಮೆತ್ತದೆ ನಮ್ಮ ಅಜ್ಜ ಮರದಿಂದ ಇಳಿದವರಲ್ಲ, ಅಪ್ಪ ಇಳಿದವರಲ್ಲ, ನಾನೂ ಇಳಿದವನಲ್ಲ. ನೋವು ಮಾಡಿದವನು ಮುಲಾಮು ಹಚ್ಚದೆ ಹೋಗುವುದು ಯಾವ ಮರ್ಯಾದೆ?

"ಏಯ್, ಬೇಡ! ಏನೂ ಹಚ್ಚಬೇಡ!" ಕೆಳಗಿನಿಂದ ಅತ್ತಿಗೆಯ ಗಂಟಲು.

"ಗಾಯ ಅತ್ತಿಗೆ! ಹಾಗೇ ಬಿಡಲಾ?"

"ಹಾಗೇ ಬಿಡು! ಆ ಮೆತ್ತೆ ಕೆಳಗೆ ತೇವ ನಿಂತು ಬೂಷ್ಟು ನಿನಗೆ ಕೈಮುಗಿಯುತ್ತೆ. ಗಾಳಿಗೆ ಒಣಗಲಿ. ಅದಕ್ಕೆ ಗೊತ್ತು ಏನು ಮಾಡಬೇಕು ಅಂತ!"

ಬಿಟ್ಟೆ. ಅವರ ವಿದ್ಯೆಗೆ ಮರ್ಯಾದೆ ಕೊಟ್ಟು ಬಿಟ್ಟೆ, ಮನಸ್ಸಿನಿಂದ ಅಲ್ಲ. ತುಂಬಿದ ತಂಬಿಗೆ ಹೊತ್ತು ಇಳಿಯುವಾಗ ಯಾರದೋ ಮನೆಯಲ್ಲಿ ಉಂಡು ಎಲೆ ಎತ್ತದೆ ಬಂದ ಹಾಗಿತ್ತು.

ನೆಲಕ್ಕೆ ಕಾಲಿಟ್ಟಾಗಲೇ ನೋಡಿದ್ದು, ಎಡ ಮುಂಗೈ ತರಚಿ ರಕ್ತ ಮೊಣಕೈವರೆಗೆ ಹರಿದಿತ್ತು. ಯಾವಾಗ ತರಚಿತೋ! ಇಂಥವು ನಮಗೆ ಲೆಕ್ಕಕ್ಕಿಲ್ಲ. ಪಂಚೆಯ ತುದಿಯಲ್ಲಿ ಒರೆಸಿಕೊಳ್ಳುತ್ತಿದ್ದೆ. ಅತ್ತಿಗೆ ಮರವನ್ನೂ ನೋಡಲಿಲ್ಲ, ಇಳಿಸಿದ ಕೊಂಬೆಯನ್ನೂ ನೋಡಲಿಲ್ಲ. ಒಳಗೆ ಓಡಿದರು. ಅವರಿಗೂ ಮಂಡಿನೋವು, ಆ ಮಂಡಿಯಲ್ಲಿ ಅವರು ಓಡಿದ್ದನ್ನು ನಾನು ನೋಡಿದ್ದು ಆವತ್ತೇ. ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿಕೊಂಡು ಬಂದು, ನನ್ನನ್ನು ಬುಡದ ಬೇರಿನ ಮೇಲೆ ಕೂರಿಸಿ, ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಹಚ್ಚತೊಡಗಿದರು.

ಬಿಡುತ್ತೇನೆಯೇ ನಾನು? "ಏನೂ ಹಚ್ಚಬಾರದು, ಗಾಳಿಗೆ ಒಣಗಬೇಕು ಅಂದ್ರಲ್ಲ ಅತ್ತಿಗೆ?"

ಅವರು ತಲೆ ಎತ್ತಲಿಲ್ಲ. ಗಾಯಕ್ಕೆ ಮೆಲ್ಲಗೆ ಊದಿದರು.

"ಅದು ಮರ ಕಣೋ. ಅದಕ್ಕೆ ಯಾರೂ ಇಲ್ಲ, ತಾನೇ ಕಟ್ಟಿಕೊಳ್ಳೋದು ಕಲಿತಿದೆ. ನಮಗೆ ಇನ್ನೊಬ್ಬರು ಹಚ್ಚಬೇಕು."

ಏನೂ ಆಗದಿದ್ದ ಬಲಗೈಯನ್ನೂ ಸುಮ್ಮನೆ ಮುಂದಕ್ಕೆ ಚಾಚಿದೆ. ಅತ್ತಿಗೆ ಗಾಯ ಎಲ್ಲಿ ಎಂದು ಕೇಳಲಿಲ್ಲ, ಅದಕ್ಕೂ ಹಚ್ಚಿದರು.